ಕೋತಿ ಬುಟ್ಟಿ

ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಎಷ್ಟಿವೆಯೋ ಗೊತ್ತಿಲ್ಲ, ಜರಡಿಯಕ್ಕನಿಗಂತೂ ಅಂಥದೊಂದು ಸಿಕ್ಕಿತ್ತು. ಸಿಕ್ಕಿ ಹನ್ನೊಂದು ವರ್ಷವಾಗಿತ್ತು. ಸಮೀಕ್ಷೆ ಕಚೇರಿಯ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು. ಮೇಜಿನ ಎಡಗಡೆ ಕಾಲೇಜು ಮಕ್ಕಳು ತುಂಬಿ ಕಳಿಸಿದ ಫಾರಂಗಳ ಕಟ್ಟು, ಬಲಗಡೆ ಎರಡು ಬುಟ್ಟಿ. ಒಂದೊಂದೇ ಫಾರಂ ತೆಗೆದು ಓದಬೇಕು, ಬರೆದವರು ನಿಜ ಬರೆದಿದ್ದಾರೋ ಕಾಗೆ ಹಾರಿಸಿದ್ದಾರೋ ನೋಡಬೇಕು. ನಿಜವಾದದ್ದು ನೀಲಿ ಬುಟ್ಟಿಗೆ, ಅಲ್ಲಿಂದ ಎಣಿಕೆಗೆ. ಕಾಗೆ ಹಾರಿಸಿದ್ದು ಕೆಂಪು ಬುಟ್ಟಿಗೆ, ಅಲ್ಲಿಂದ ತಿಂಗಳ ಕೊನೆಗೆ ಕಾಗದ ಚೂರು ಮಾಡುವ ಮಿಷನ್ನಿಗೆ. ಕೆಂಪು ಬುಟ್ಟಿಗೆ ಕಚೇರಿಯವರೆಲ್ಲ ಸೇರಿ ಇಟ್ಟ ಹೆಸರು ಕೋತಿ ಬುಟ್ಟಿ. ಎಲ್ಲವನ್ನೂ ಸೋಸುತ್ತಾಳೆ ಅಂತ ಅವಳಿಗೆ ಜರಡಿಯಕ್ಕ ಅಂತ ಹೆಸರಿಟ್ಟವರೂ ಅವರೇ.

ಹಾಗೆ ಕರೆದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದಳು. ತನ್ನ ಕಣ್ಣಿಗೆ ಮಣ್ಣೆರಚಿ ಒಂದೇ ಒಂದು ಸುಳ್ಳು ನೀಲಿ ಬುಟ್ಟಿ ಸೇರಿಲ್ಲ ಅಂತ ಅವಳ ನಂಬಿಕೆ. ಇರಲಿ ಬಿಡಿ, ನಂಬಿಕೆಗೇನು.

ಫಾರಂನಲ್ಲಿ ಮೊದಲು ಒಂದು ಏಣಿಯ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು. 'ಒಟ್ಟಾರೆ ನಿನ್ನ ಬದುಕು ನಿನಗೆ ಎಷ್ಟು ತೃಪ್ತಿ ಕೊಟ್ಟಿದೆ? ನೀನು ನಿಂತಿರುವ ಮೆಟ್ಟಿಲಿಗೆ ಗುರುತು ಹಾಕು.' ಅದರ ಕೆಳಗೆ ಹನ್ನೆರಡು ಅಪಾಯದ ಪ್ರಶ್ನೆ. ಕುಡಿದು ಬೈಕ್ ಓಡಿಸಿದ್ದೀಯಾ, ಓಡುವ ರೈಲಿಗೆ ಜೋತುಬಿದ್ದಿದ್ದೀಯಾ, ಎತ್ತರದ ಅಂಚಿನಲ್ಲಿ ನಡೆದಿದ್ದೀಯಾ, ಇಂಥವು. ಎಲ್ಲಕ್ಕೂ 'ಹೌದು' ಅಥವಾ 'ಇಲ್ಲ' ಅಂತ ಬರೆಯಬೇಕು. ಕೊನೆಯಲ್ಲಿ ಎರಡು ಖಾಲಿ ಗೆರೆ: 'ಕಳೆದ ತಿಂಗಳು ಮಾಡಿದ, ಮತ್ತೆ ಮಾಡಬೇಕು ಅನಿಸುವ ಒಂದು ಕೆಲಸ ಬರೆ.' ಹೆಸರು ಬರೆಯುವಂತಿಲ್ಲ. ಇದೇ ಫಾರಂ ಹದಿನೇಳು ದೇಶಗಳಲ್ಲಿ ಹದಿನೇಳು ಬಗೆಯ ಮಕ್ಕಳ ಕೈಗೆ ಹೋಗುತ್ತಿತ್ತು.

ಎಂಟು ವರ್ಷದ ಹಿಂದೆ ಜರಡಿಯಕ್ಕ ತಾನಾಗಿಯೇ ಒಂದು ನಿಯಮ ಕಂಡುಹಿಡಿದಳು. ಒಂಬತ್ತನೆಯದೋ ಹತ್ತನೆಯದೋ ಮೆಟ್ಟಿಲಿಗೆ ಗುರುತು ಹಾಕಿ, ಕೆಳಗೆ ನಾಲ್ಕಕ್ಕಿಂತ ಹೆಚ್ಚು 'ಹೌದು' ಇದ್ದರೆ ಅದು ಕೋತಿ. ಮುಂದೆ ಓದುವುದೇ ಬೇಡ. ಬದುಕು ಚೆನ್ನಾಗಿದೆ ಅನ್ನುವ ಮಗು ರೈಲಿಗೆ ಯಾಕೆ ಜೋತುಬೀಳುತ್ತದೆ? ಮೇಷ್ಟ್ರು ಅತ್ತ ತಿರುಗಿದಾಗ ಪಕ್ಕದವನನ್ನು ನಗಿಸೋಕೆ ಬರೆದಿರುತ್ತದೆ, ಅಷ್ಟೇ. ಕಚೇರಿಯ ಮೇಲ್ವಿಚಾರಕರಿಗೆ ಇದು ಬಹಳ ಹಿಡಿಸಿತು. ಅವರು ಮೂರು ಮಾತಿಗೊಮ್ಮೆ ಸರಾಸರಿ ಅನ್ನುತ್ತಿದ್ದುದರಿಂದ ಅವರ ಹೆಸರೇ ಸರಾಸರಿ ಸರ್. ಅವರು ಮೇಲಿನವರಿಗೆ ಬರೆದರು, ಮೇಲಿನವರು ಹದಿನೇಳು ದೇಶಕ್ಕೂ ಹಂಚಿದರು. ಅಲ್ಲಿಂದಾಚೆಗೆ ಪ್ರತಿ ವರ್ಷದ ಫಲಿತಾಂಶ ತೊಳೆದಿಟ್ಟ ಹಾಗೆ ಬಂತು: ದುಃಖದಲ್ಲಿರುವ ಮಕ್ಕಳು ಅಪಾಯಕ್ಕೆ ಕೈಹಾಕುತ್ತಾರೆ, ಸುಖವಾಗಿರುವವರು ಹಾಕುವುದಿಲ್ಲ. ಎಲ್ಲ ದೇಶದಲ್ಲೂ ಅದೇ, ಎಲ್ಲ ಭಾಷೆಯಲ್ಲೂ ಅದೇ. ಸುಖವಾಗಿದ್ದೂ ಕೈಹಾಕಿದವರನ್ನೆಲ್ಲ ಎಣಿಸುವ ಮೊದಲೇ ಚೂರು ಮಾಡಿ ಎಸೆದ ಮೇಲೆ ಇನ್ನೇನು ಬರುತ್ತದೆ ಹೇಳಿ. ಇಷ್ಟು ಸಣ್ಣ ವಿಷಯ ಅಷ್ಟೊಂದು ಓದಿದವರ ತಲೆಗೆ ಹೊಳೆಯಲಿಲ್ಲ. ಜರಡಿಯಕ್ಕನಿಗೂ ಹೊಳೆಯಲಿಲ್ಲ, ಅದಕ್ಕೇ ಈ ಕತೆ.

ಮನೆಯಲ್ಲಿ ನಾಲ್ಕು ಜನ. ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳಲ್ಲಿ ಎಲ್ಲಿ ಲಿಫ್ಟು ಕೈಕೊಟ್ಟರೂ ಇವನಿಗೆ ಫೋನು. ಮಗನಿಗೆ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಿದ್ದ. ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಹರಸಾಹಸ ಪಡಬೇಕು. ಮನೆಯಲ್ಲಿ ಅವನನ್ನು ಮುನಿ ಅನ್ನುತ್ತಿದ್ದರು. ಮಗಳಿಗೆ ಹದಿನಾರು, ಅವಳು ಗುಬ್ಬಿ. ಎದ್ದಾಗಿನಿಂದ ಮಲಗುವತನಕ ಹಾಡು, ನಗು, ಕೀಟಲೆ. ಹಲ್ಲುಜ್ಜುವಾಗಲೂ ಹಾಡುತ್ತಿದ್ದಳು, ನೊರೆ ಕನ್ನಡಿಗೆಲ್ಲ ಸಿಡಿಯುತ್ತಿತ್ತು. ಇಬ್ಬರಲ್ಲಿ ಯಾರ ಮೇಲೆ ತಾಯಿಗೆ ಗುಮಾನಿ ಅಂತ ಕೇಳಬೇಕಿಲ್ಲವಲ್ಲ.

ಗುಮಾನಿ ಶುರುವಾದದ್ದು ಒಂದು ಬೆಳಿಗ್ಗೆ, ತಿಂಡಿ ತಿನ್ನುವಾಗ. ಗಂಡ ತನ್ನ ಕೆಲಸದ ಚೀಲವನ್ನು ನೆಲಕ್ಕೆ ಸುರಿದುಕೊಂಡು ತಡಕಾಡುತ್ತಿದ್ದ.

"ನೋಡೇ, ಮೂರು ಮೂಲೆ ಕೀಲಿ ಒಂದು ಕಾಣ್ತಿಲ್ಲ. ಎರಡಿತ್ತು. ಎಲ್ಲೋ ಬೀಳಿಸಿಕೊಂಡ್ನೋ ಏನೋ."

"ಹದಿನೆಂಟು ವರ್ಷದಲ್ಲಿ ಒಂದು ಸ್ಕ್ರೂ ಬೀಳಿಸಿಕೊಂಡವರಲ್ಲ ನೀವು," ಅಂದಳು ಜರಡಿಯಕ್ಕ. "ಅದರಿಂದ ಏನೇನು ಮಾಡಬಹುದು?"

"ಲಿಫ್ಟು ಆ ಅಂತಸ್ತಲ್ಲಿ ಇಲ್ಲದಿದ್ರೂ ಹೊರಗಿನ ಬಾಗಿಲು ತೆಗೀಬಹುದು. ತೆಗೆದು ಕಾಲಿಟ್ರೆ ನೇರ ಕೆಳಗೆ ಹೋಗಬಹುದು."

"ಕಾಯೋದೇ ಬೇಡ, ಸೀದಾ ನೆಲಕ್ಕೆ," ಅಂತ ಗುಬ್ಬಿ ಕಿಲಕಿಲ ನಕ್ಕಳು. ಅಪ್ಪನೂ ನಕ್ಕ. ಮುನಿ ಮಾತ್ರ ಅರ್ಧ ತಿಂದ ತಟ್ಟೆ ಬಿಟ್ಟು ಎದ್ದು ಕೈತೊಳೆಯಲು ಹೋದ. ಜರಡಿಯಕ್ಕನ ಕಿವಿ ನೆಟ್ಟಗಾದದ್ದು ಆಗಲೇ.

ಆಮೇಲಿನ ಮೂರು ವಾರ ಅವಳು ಮಗನ ಬೆನ್ನು ಬಿಡಲಿಲ್ಲ. ಅವನ ಟವೆಲಿನ ಅಂಚಿನಲ್ಲಿ ಕರೀ ಗ್ರೀಸು ಕಂಡಳು. ಮಂಗಳವಾರ, ಗುರುವಾರ ಎರಡು ಗಂಟೆಗೆ ಕ್ಲಾಸು ಮುಗಿಸಿ ಮನೆಗೆ ಬಂದವನು ಮತ್ತೆ ಹೊರಟು ಐದಕ್ಕೆ ವಾಪಸು ಬರುತ್ತಾನೆ ಅಂತ ಪತ್ತೆಹಚ್ಚಿದಳು. ಕೇಳಿದರೆ ಒಂದೇ ಮಾತು, ಲೈಬ್ರರಿ. ಲೈಬ್ರರಿಗೆ ಫೋನು ಮಾಡಿದಳು. ಮಂಗಳವಾರ ಮಧ್ಯಾಹ್ನ ಲೈಬ್ರರಿಗೆ ರಜೆ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಊಟ ಸೇರುತ್ತಿರಲಿಲ್ಲ, ಬಾಗಿಲು ಧಡ್ ಅಂತ ಬಡಿದರೆ ಬೆಚ್ಚಿಬೀಳುತ್ತಿದ್ದ. ಅವಳು ಮನಸ್ಸಿನಲ್ಲೇ ಮಗನ ಪರವಾಗಿ ಫಾರಂ ತುಂಬಿದಳು. ಏಣಿಯಲ್ಲಿ ಮೂರನೆಯ ಮೆಟ್ಟಿಲು. ಹನ್ನೆರಡು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಹೌದು ಅನ್ನುವುದೊಂದೇ ಬಾಕಿ. ಆ ಮೂರು ಮೂಲೆ ಕೀಲಿ ಹಿಡಿದುಕೊಂಡು ಈ ಹುಡುಗ ಯಾವ ಬಾಗಿಲು ತೆಗೆದು ಎಲ್ಲಿ ಕಾಲಿಡುತ್ತಾನೋ ಅಂತ ಅವಳಿಗೆ ಜೀವವೇ ನಿಲ್ಲುತ್ತಿರಲಿಲ್ಲ. ಹೆತ್ತವಳು ತಾನೇ, ಅದರಲ್ಲಿ ನಾಟಕವೇನೂ ಇರಲಿಲ್ಲ.

ಒಂದು ದಿನ ಅವಳು ಮುನಿಯ ಶರ್ಟು ಮೂಸಿ ನೋಡುತ್ತಿದ್ದಾಗ ಗುಬ್ಬಿ ಬಾಗಿಲಲ್ಲಿ ನಿಂತು ನೋಡಿದಳು.

"ಅಮ್ಮ, ಹೀಗೇ ಮೂಸ್ತಾ ಇದ್ರೆ ನಿನ್ನ ಮೂಗೇ ಸವೆದುಹೋಗುತ್ತೆ."

"ನಗು, ನಗು. ನಿನ್ನ ಹಾಗೆ ಅವನೂ ನಗ್ತಿದ್ರೆ ನನಗ್ಯಾಕೆ ಈ ಕರ್ಮ."

"ಅವನಿಗೆ ಏನಾಗಿದೆ ಅಂತ?"

"ಅದೇ ಗೊತ್ತಾಗ್ತಿಲ್ಲ ಕಣೇ. ಏನೋ ಒಳಗೊಳಗೇ ತಿಂತಾ ಇದೆ ಅವನನ್ನ. ನಿನಗೇನಾದ್ರೂ ಹೇಳಿದ್ನಾ?"

ಗುಬ್ಬಿ ಅರೆಗಳಿಗೆ ಸುಮ್ಮನಿದ್ದಳು. ಆಮೇಲೆ "ಮುನಿಗಳು ನಮ್ಮಂಥವರ ಹತ್ತಿರ ಎಲ್ಲಿ ಮಾತಾಡ್ತಾರಮ್ಮ" ಅಂದು ಗುನುಗುತ್ತ ಹೋದಳು. ಆ ಅರೆಗಳಿಗೆ ಬೇರೆ ಯಾರ ಮುಖದಲ್ಲಾದರೂ ಕಂಡಿದ್ದರೆ ಜರಡಿಯಕ್ಕ ಸುಮ್ಮನೆ ಬಿಡುವವಳಲ್ಲ.

ಆ ಮಂಗಳವಾರ ಕಚೇರಿಯಲ್ಲಿ ತಮ್ಮದೇ ಊರಿನ ಹುಡುಗಿಯರ ಕಾಲೇಜಿನ ಕಟ್ಟು ಬಿಚ್ಚಿದಳು. ನಡುವೆ ಒಂದು ಫಾರಂ. ಏಣಿಯ ಹತ್ತನೆಯ ಮೆಟ್ಟಿಲಿನ ಸುತ್ತ ಹೂವಿನ ದಳ ಬಿಡಿಸಿ ಗುರುತು ಹಾಕಿತ್ತು. ಕೆಳಗೆ ಏಳು 'ಹೌದು'. ನಿಯಮದ ಪ್ರಕಾರ ಮುಂದೆ ಓದಬೇಕಿರಲಿಲ್ಲ, ಆದರೂ ದಪ್ಪ ಅಕ್ಷರ ತಾನಾಗಿಯೇ ಕಣ್ಣಿಗೆ ಬಿತ್ತು: 'ನಾವು ಐದು ಜನ ಲಿಫ್ಟಿನ ಒಳಗಲ್ಲ, ಲಿಫ್ಟಿನ ತಲೆ ಮೇಲೆ ಕೂತು ಹೋಗ್ತೀವಿ.'

ಜರಡಿಯಕ್ಕನ ಕೈ ತಡೆಯಿತು. ಲಿಫ್ಟು ಅಂದ ಕೂಡಲೇ ಗಂಡನ ಕೀಲಿ ನೆನಪಾಯಿತು. ಮತ್ತೊಮ್ಮೆ ಹತ್ತನೆಯ ಮೆಟ್ಟಿಲು ನೋಡಿದಳು, ಹೂವಿನ ದಳ ನೋಡಿದಳು. ಇಷ್ಟು ಖುಷಿಯಾಗಿರುವ ಹುಡುಗಿ ಹಗ್ಗಕ್ಕೆ ನೇತಾಡುವ ಪೆಟ್ಟಿಗೆಯ ತಲೆ ಮೇಲೆ ಕೂರುತ್ತಾಳಾ? ಮೂರನೆಯ ಮೆಟ್ಟಿಲಿನವರಾದರೆ ಕೂತಾರು. ಹತ್ತನೆಯ ಮೆಟ್ಟಿಲಿನವರು ಕೂತೆವು ಅಂತ ಬುರುಡೆ ಬಿಡುತ್ತಾರೆ ಅಷ್ಟೇ.

"ನೋಡಿಲ್ಲಿ," ಅಂತ ಪಕ್ಕದ ಮೇಜಿನವಳಿಗೆ ತೋರಿಸಿದಳು. "ನಾಳೆ ವಿಮಾನದ ರೆಕ್ಕೆ ಮೇಲೆ ಕೂತ್ವಿ ಅಂತ ಬರೀತಾವೆ."

ಪಕ್ಕದ ಮೇಜಿನವಳು ನಕ್ಕಳು. ಫಾರಂ ಕೋತಿ ಬುಟ್ಟಿಗೆ ಬಿತ್ತು.

ಗುರುವಾರ ಜರಡಿಯಕ್ಕ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಮಗ ಎಲ್ಲಿಗೆ ಹೋಗುತ್ತಾನೋ ಹಿಂದೆಯೇ ಹೋಗಿ ಕಣ್ಣಾರೆ ನೋಡಿಬಿಡೋಣ ಅಂತ ಅವಳ ಎಣಿಕೆ. ಮುನಿ ಎರಡೂಮುಕ್ಕಾಲಿಗೆ ಬಂದು ಪುಸ್ತಕದ ಚೀಲ ಎಸೆದು ಸ್ನಾನದ ಮನೆಗೆ ಹೋದ. ಪ್ಯಾಂಟು ಕುರ್ಚಿಯ ಮೇಲಿತ್ತು. ಅವಳು ಜೇಬಿಗೆ ಕೈಹಾಕಿದಳು. ಬೆರಳಿಗೆ ತಣ್ಣಗೆ ಮೂರು ಮೂಲೆ ತಾಕಿತು.

ಹೊರಗೆ ಬಂದ ಮಗನ ಮುಖಕ್ಕೆ ಅದನ್ನು ಹಿಡಿದಳು.

"ಇದೇನೋ?"

ಅವನು ಕೈಚಾಚಿದ. "ಅಪ್ಪಂದು."

"ಅಪ್ಪಂದು ಅಂತ ನನಗೂ ಗೊತ್ತು. ನಿನ್ನ ಜೇಬಲ್ಲಿ ಯಾಕಿದೆ?"

"ಬೇಕಿತ್ತು."

"ಯಾಕೆ ಬೇಕಿತ್ತು? ಎಲ್ಲಿ ಹಾರೋಕೆ ಹೊರಟಿದ್ದೀಯ? ಏನಾಗಿದೆ ನಿನಗೆ? ಯಾರು ಏನಂದ್ರು?"

"ಅಮ್ಮ, ನನಗೇನೂ ಆಗಿಲ್ಲ. ಕೀಲಿ ಕೊಡು, ಸಂಜೆ ಎಲ್ಲ ಹೇಳ್ತೀನಿ."

ಸಂಜೆ ಹೇಳುತ್ತಾನಂತೆ. ಹನ್ನೊಂದು ವರ್ಷ ಸುಳ್ಳು ಸೋಸಿದವಳ ಹತ್ತಿರ. ಜರಡಿಯಕ್ಕ ಅವನ ಫೋನು ಕಿತ್ತುಕೊಂಡಳು, ಬಟ್ಟೆ ಹಾಕಿಕೊಳ್ಳಲು ಅವನು ಕೋಣೆಗೆ ಹೋದದ್ದೇ ತಡ ಹೊರಗಿನಿಂದ ಚಿಲಕ ಜಡಿದು ಬೀಗ ಹಾಕಿದಳು. ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ಬಾಗಿಲ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಹೆದರಿಕೆಯ ಜೊತೆಗೇ ಒಂದು ಸಮಾಧಾನವೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಕಳ್ಳ ಸಿಕ್ಕಿಬಿದ್ದಿದ್ದ. ಕಿಟಕಿಗೆ ಕಬ್ಬಿಣದ ಸರಳಿತ್ತು. ಅವನು ಇನ್ನೆಲ್ಲಿಗೂ ಹೋಗುವಂತಿರಲಿಲ್ಲ, ಮಗ ಉಳಿದ.

ಒಳಗಿನಿಂದ ಮೊದಲು ಮೆಲ್ಲಗೆ ತಟ್ಟಿದ, ಆಮೇಲೆ ಜೋರಾಗಿ. ಅಮ್ಮ, ತೆಗೆ. ಅಮ್ಮ, ನನಗೆ ಹೋಗಲೇಬೇಕು. ಅಮ್ಮ, ಇವತ್ತೊಂದು ದಿನ ಬಿಡು. ಅವಳು ಜಪ್ಪಯ್ಯ ಅನ್ನಲಿಲ್ಲ. ಎಲ್ಲಿಗೆ ಅಂತ ಹೇಳು, ಆಮೇಲೆ ತೆಗೀತೀನಿ ಅಂದಳು. ಹೇಳೋಕಾಗಲ್ಲ, ಮಾತು ಕೊಟ್ಟಿದ್ದೀನಿ ಅಂದ. ಯಾರಿಗೆ ಮಾತು ಅಂದಳು. ಮತ್ತೆ ಬಾಗಿಲು ತಟ್ಟಿದ. ಹೀಗೆ ಇಪ್ಪತ್ತೈದು ನಿಮಿಷ.

ಮೂರು ಮೂವತ್ತೈದಕ್ಕೆ ಬಾಗಿಲ ಸಂದಿಗೆ ಬಾಯಿಟ್ಟು ಅವನು ಹೇಳಿದ. "ನಾನಲ್ಲಮ್ಮ. ಗುಬ್ಬಿ."

"ಏನು ಗುಬ್ಬಿ?"

"ಲಿಫ್ಟಿನ ಮೇಲೆ ಕೂತು ಹೋಗೋದು ಅವಳು. ಅವಳೂ ಅವಳ ನಾಲ್ಕು ಜನ ಗೆಳತಿಯರೂ. ಮೂರೂಮುಕ್ಕಾಲಿಗೆ ಶುರು ಮಾಡ್ತಾರೆ. ನಾನು ಒಂಬತ್ತನೇ ಅಂತಸ್ತಲ್ಲಿ ಬಾಗಿಲು ತೆಗೆದು ಹಿಡ್ಕೊಂಡು ನಿಂತ್ಕೋತೀನಿ. ಬಾಗಿಲು ತೆರೆದಿದ್ರೆ ಲಿಫ್ಟು ಅಲ್ಲಾಡಲ್ಲ. ಐದೂ ಜನ ಹತ್ತೋವರೆಗೆ, ಇಳಿಯೋವರೆಗೆ ಹಿಡ್ಕೊಂಡಿರ್ತೀನಿ. ಅದಕ್ಕೇ ಕೀಲಿ. ಈಗ ತೆಗೆ."

ಇಲ್ಲಿ ಯಾವ ತಾಯಿಯಾದರೂ ಬೀಗ ತೆಗೆದು ಓಡುತ್ತಿದ್ದಳು ಅಂತ ನೀವು ಅನ್ನಬಹುದು. ಜರಡಿಯಕ್ಕ ಓಡಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಿಕ್ಕಿಬಿದ್ದವನು ತಪ್ಪನ್ನು ತಂಗಿಯ ತಲೆಗೆ ಕಟ್ಟುತ್ತಿದ್ದಾನೆ. ಅದೂ ಯಾರ ತಲೆಗೆ, ಗುಬ್ಬಿಯ ತಲೆಗೆ. ಆ ಮಗುವಿಗೆ ಏನು ಕೊರತೆ ಅಂತ ಲಿಫ್ಟಿನ ಮೇಲೆ ಕೂರುತ್ತದೆ? ಮಂಗಳವಾರ ಎಸೆದ ಹೂವಿನ ದಳದ ಫಾರಂ ಕಣ್ಣ ಮುಂದೆ ಸುಳಿಯಿತು, ಅದೂ ಬುರುಡೆಯೇ ತಾನೇ ಅಂತ ತಳ್ಳಿಹಾಕಿದಳು.

"ನಾಚಿಕೆ ಆಗಲ್ವೇನೋ ನಿನಗೆ," ಅಂದಳು.

"ಅಮ್ಮ, ಆಮೇಲೆ ಹೊಡಿ. ಈಗ ತೆಗೆ."

"ಯಾವ ಕಟ್ಟಡ?"

"ನೀರಿನ ಟ್ಯಾಂಕಿನ ಪಕ್ಕ ಹನ್ನೆರಡು ಅಂತಸ್ತಿಂದು. ಅರ್ಧ ಖಾಲಿ ಇದೆ."

"ಕಾವಲಿನವನು ಇಲ್ವಾ?"

"ಮೂರರಿಂದ ಐದು ಅವನು ಮಲಗ್ತಾನೆ."

"ನೀನಿಲ್ಲದಾಗ ಅವರು ಬಾಗಿಲು ಹೇಗೆ ತೆಗೀತಾರೆ?"

"ಒಬ್ಬಳು ಪೈಪಿನ ತುದಿ ಉಜ್ಜಿ ಉಜ್ಜಿ ಕೀಲಿ ಮಾಡಿಕೊಂಡಿದ್ದಾಳೆ. ಬಾಗಿಲು ತೆಗಿಯೋಕೆ ಆಗುತ್ತೆ, ಆದ್ರೆ ಹಿಡಿದು ನಿಲ್ಲೋಕೆ ಯಾರೂ ಇರಲ್ಲ. ಎಲ್ಲರಿಗೂ ಮೇಲೆ ಕೂರಬೇಕು."

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇರೆ ಕಟ್ಟಡಕ್ಕೆ ಹೋಗ್ತೀವಿ, ಎಲ್ಲಿ ಅಂತ ನಿನಗೆ ಗೊತ್ತೇ ಆಗಲ್ಲ ಅಂದಳು. ಗೊತ್ತಿರೋ ಜಾಗದಲ್ಲೇ ಇರಲಿ ಅಂತ ಸುಮ್ಮನಾದೆ."

ಕಚೇರಿಯಲ್ಲಿ ಮಾಡುವುದನ್ನೇ ಅವಳು ಬಾಗಿಲ ಮುಂದೆ ಕೂತು ಮಾಡುತ್ತಿದ್ದಳು. ಮೊದಲ ಉತ್ತರ ಮೂರನೆಯದಕ್ಕೆ ಹೊಂದುತ್ತದೋ, ಎಲ್ಲಾದರೂ ಎಡವುತ್ತಾನೋ ಅಂತ ಹಿಂದುಮುಂದು ಮಾಡಿ ಕೇಳಿದ್ದನ್ನೇ ಕೇಳಿದಳು. ಅವನು ಎಲ್ಲೂ ಎಡವಲಿಲ್ಲ. ಚೆನ್ನಾಗಿ ಹೊಸೆದಿದ್ದಾನೆ ಅಂದುಕೊಂಡಳು. ಕೊನೆಗೆ ಗುಬ್ಬಿಗೇ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಸರಿ, ಹಾಡಿನ ಅಭ್ಯಾಸದಲ್ಲಿರುತ್ತಾಳೆ, ಮಂಗಳವಾರ ಗುರುವಾರ ಕ್ಲಾಸು ಮುಗಿದ ಮೇಲೆ ಅಭ್ಯಾಸ ಅಂತ ಹೇಳಿದ್ದಳಲ್ಲ. ಹಾಡಿನ ಟೀಚರ್ ನಂಬರು ಹುಡುಕಿದಳು. ಹಳೆಯ ಡೈರಿಯಲ್ಲಿ ಸಿಕ್ಕಿತು. ಮೊದಲ ಸಲ ಎಂಗೇಜು. ಎರಡನೇ ಸಲವೂ ಎಂಗೇಜು. ಒಳಗೆ ಮುನಿ ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದ. ಅವನು ಅಳುತ್ತಿದ್ದ. ಅವನು ಅತ್ತದ್ದನ್ನು ಕೇಳಿ ಏಳೆಂಟು ವರ್ಷವಾಗಿತ್ತು, ಅಷ್ಟಾದರೂ ಅವಳಿಗೆ ನಾಟಬೇಕಿತ್ತು.

ಮೂರನೇ ಸಲ ಟೀಚರ್ ಎತ್ತಿದರು. "ಗುರುವಾರಾನಾ? ಗುರುವಾರ ಅಭ್ಯಾಸ ಇಲ್ವಲ್ಲ. ವಾರಕ್ಕೆ ಒಂದೇ ದಿನ, ಶನಿವಾರ. ಯಾಕೆ ಕೇಳ್ತಿದ್ದೀರಿ?"

ಜರಡಿಯಕ್ಕ ಫೋನು ಕಟ್ ಮಾಡಿದಳು. ಬೀಗಕ್ಕೆ ಕೀಲಿ ತೂರಿಸಿದಳು. ಬಾಗಿಲು ತೆರೆದಾಗ ಮೂರು ಐವತ್ತಮೂರು.

ಮುನಿ ಅವಳ ಕೈಯಿಂದ ಮೂರು ಮೂಲೆ ಕೀಲಿ ಕಿತ್ತುಕೊಂಡು ಬರಿಗಾಲಲ್ಲೇ ಓಡಿದ. ಅವಳು ಹಿಂದೆ ಓಡಿದಳು. ಸೊಂಟ ಹಿಡಿದುಕೊಂಡಿತು, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಅಂಗಡಿಯವರು, ಬಸ್ಸಿಗೆ ಕಾಯುವವರು ತಿರುಗಿ ನೋಡಿದರು. ಅವಳ ತಲೆಯಲ್ಲಿ ಇನ್ನೂ ಒಂದು ಮೂಲೆ ಹೇಳುತ್ತಿತ್ತು, ಅಲ್ಲಿ ಯಾರೂ ಇರಲ್ಲ, ಖಾಲಿ ಕಟ್ಟಡ ಇರುತ್ತೆ, ಈ ಹುಡುಗನಿಗೆ ಬಾಸುಂಡೆ ಬರೋ ಹಾಗೆ ಬಾರಿಸಬೇಕು ಅಂತ. ಹಾಗೇ ಆಗಲಿ ಅಂತ ಬೇಡಿಕೊಳ್ಳುತ್ತ ಓಡಿದಳು.

ಕಟ್ಟಡದ ಕೆಳಗೆ ಕಾವಲಿನವನು ಎದ್ದು ನಿಂತಿದ್ದ, ಕಣ್ಣು ಕೆಂಪಗೆ. ಮೇಲಿನಿಂದ ಹುಡುಗಿಯರ ಕಿರುಚಾಟ ಮೆಟ್ಟಿಲ ಸಂದಿಯಲ್ಲಿ ಬಿದ್ದು ಬರುತ್ತಿತ್ತು. ಆದದ್ದಿಷ್ಟು. ಅಣ್ಣ ಬರಬಹುದು ಅಂತ ಹತ್ತು ನಿಮಿಷ ಕಾದು, ಬರದಿದ್ದಾಗ ಹುಡುಗಿಯರು ತಾವೇ ಬಾಗಿಲು ತೆಗೆದುಕೊಂಡು ಹತ್ತಿದರು. ಹೋಗಿ ಬಂದರು. ಇಳಿಯುವಾಗ ನಾಲ್ಕು ಜನ ಇಳಿದರು. ಗುಬ್ಬಿ ಕೊನೆಯವಳು, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನಾಲ್ಕನೆಯವಳ ಕೈಯಿಂದ ಬಾಗಿಲು ಜಾರಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಅದೇ ಹೊತ್ತಿಗೆ ಕೆಳಗೆ ಯಾರೋ ಗುಂಡಿ ಒತ್ತಿದರು. ಲಿಫ್ಟು ಇಳಿಯಿತು. ಗೋಡೆಗೂ ಪೆಟ್ಟಿಗೆಗೂ ನಡುವೆ ಗುಬ್ಬಿಯ ಬಲಗಾಲು ಸಿಕ್ಕಿಕೊಂಡು ಲಿಫ್ಟು ಅಲ್ಲೇ ಜಾಮಾಯಿತು.

ಮುನಿ ಒಂಬತ್ತನೆಯ ಅಂತಸ್ತಿನ ಬಾಗಿಲು ತೆಗೆದು ಮೈಯಿಡೀ ಅಡ್ಡ ಕೊಟ್ಟು ನಿಂತ, ಲಿಫ್ಟು ಮತ್ತೆ ಅಲ್ಲಾಡದಂತೆ. ಅಪ್ಪ ಬಂದು ತಂಗಿಯನ್ನು ಮೇಲೆತ್ತುವವರೆಗೆ ಅವನು ಹಾಗೇ ನಿಂತಿದ್ದ. ಜರಡಿಯಕ್ಕ ಅಷ್ಟು ಹೊತ್ತೂ ಆ ಕತ್ತಲ ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಮಗಳ ಜೊತೆ ಮಾತಾಡುತ್ತಿದ್ದಳು. ಏನು ಮಾತಾಡಿದಳೋ ಆಮೇಲೆ ಒಂದೂ ನೆನಪಿರಲಿಲ್ಲ.

ಜೀವ ಉಳಿಯಿತು. ಕಾಲೂ ಉಳಿಯಿತು ಅಂತ ಡಾಕ್ಟರು ಹೇಳಿದರು, ಆದರೆ ಎರಡು ಸರಳು ಹಾಕಬೇಕಾಯಿತು. ಪಾದ ಇನ್ನು ಮಡಚುವುದಿಲ್ಲ, ಓಡುವುದು ಕುಣಿಯುವುದು ಮರೆತುಬಿಡಿ ಅಂದರು. ಮೂರನೆಯ ದಿನ ಬೆಳಿಗ್ಗೆ ಗುಬ್ಬಿಗೆ ನೋವು ಸ್ವಲ್ಪ ಇಳಿದಾಗ ಜರಡಿಯಕ್ಕ ಅವಳ ತಲೆ ಸವರುತ್ತ ಕೇಳಿದಳು.

"ಯಾಕೆ ಪುಟ್ಟಾ? ಮನೇಲಿ ಏನು ಕಡಿಮೆ ಆಗಿತ್ತು ನಿನಗೆ? ಯಾವುದಕ್ಕೆ ಬೇಜಾರಾಗಿತ್ತು?"

"ಏನೂ ಕಡಿಮೆ ಇರಲಿಲ್ಲಮ್ಮ," ಅಂದಳು ಗುಬ್ಬಿ. "ಬೇಜಾರೂ ಇರಲಿಲ್ಲ. ಖುಷಿಯಾಗೇ ಇದ್ದೆ. ಮೇಲೆ ಕೂತು ಕತ್ತಲಲ್ಲಿ ಸರ್ರಂತ ಹೋಗುವಾಗ ಇನ್ನೂ ಖುಷಿ. ನನಗೇನಾದ್ರೂ ಆಗುತ್ತೆ ಅಂತ ಅನ್ನಿಸಲೇ ಇಲ್ಲ. ಅಣ್ಣ ಇರ್ತಿದ್ನಲ್ಲ."

ಜರಡಿಯಕ್ಕ ತಲೆ ಸವರುವುದನ್ನು ನಿಲ್ಲಿಸಿದಳು. ಎಂಟು ವರ್ಷದಲ್ಲಿ ಹತ್ತನೆಯ ಮೆಟ್ಟಿಲಿನ ಎಷ್ಟು ಮಕ್ಕಳು ತನಗೆ ಇದನ್ನೇ ಬರೆದು ಹೇಳಿದ್ದವೋ, ಎಲ್ಲವನ್ನೂ ಓದದೆ ಎಸೆದಿದ್ದಳು. ಅವತ್ತೇ ಸರಾಸರಿ ಸರ್‌ಗೆ ಫೋನು ಮಾಡಿ ಈ ತಿಂಗಳ ಕೋತಿ ಬುಟ್ಟಿ ಚೂರು ಮಾಡಬೇಡಿ ಅಂದಳು. ಮೊನ್ನೆಯೇ ಆಯಿತಲ್ಲ ಅಂದರು ಅವರು.

ಅದಕ್ಕಿಂತ ದೊಡ್ಡ ಸಂಕಟ ಆಸ್ಪತ್ರೆಯ ಆ ಕೋಣೆಯಲ್ಲೇ ಇತ್ತು. ಗುಬ್ಬಿ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ನೋಡಲು ಬಂದ ಗೆಳತಿಯರ ಹತ್ತಿರ, "ಬರ್ತೀನಿ ಅಂತ ಹೇಳಿ ಕೈಕೊಟ್ಟ" ಅಂದದ್ದು ಜರಡಿಯಕ್ಕನ ಕಿವಿಗೆ ಬಿದ್ದಿತ್ತು. ಗಂಡನೂ ಬಿಡಲಿಲ್ಲ. "ನನ್ನ ಚೀಲದಿಂದ ಕೀಲಿ ಕದ್ದೋನು, ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೋನು, ಬೇಕಾದ ದಿನ ಎಲ್ಲಿ ಸತ್ತಿದ್ದೆ?" ಅಂತ ವರಾಂಡದಲ್ಲಿ ನಾಲ್ಕು ಜನರ ಮುಂದೆ ಉಗಿದ. ಮುನಿ ತಲೆ ತಗ್ಗಿಸಿ ಕೇಳಿಸಿಕೊಂಡ. ತಂಗಿಗೆ ನೀರು ತಂದಿಟ್ಟ, ಅವಳು ಮುಖ ತಿರುಗಿಸಿದರೂ ದಿಂಬು ಸರಿಮಾಡಿದ. ಅವತ್ತಿನ ಬೀಗದ ಮಾತು ಎತ್ತಲಿಲ್ಲ.

ಜರಡಿಯಕ್ಕ ಕಣ್ಣಲ್ಲಿ ಕಣ್ಣಿಟ್ಟು ಅವನನ್ನೇ ಕಾಯುತ್ತಿದ್ದಳು. ಇವತ್ತು ಬಾಯಿ ಬಿಡುತ್ತಾನೆ, ಈಗ ಹೇಳುತ್ತಾನೆ, ಅಪ್ಪನ ಕಿವಿಯಲ್ಲಿ ಆಗಲೇ ಊದಿದ್ದಾನೋ ಏನೋ. ಮಗ ನರ್ಸಿನ ಹತ್ತಿರ ಎರಡು ಮಾತಾಡಿದರೂ ಅವಳಿಗೆ ಗುಮಾನಿ. ಅಷ್ಟೆಲ್ಲ ಆದ ಮೇಲೂ ಬುದ್ಧಿ ಅದೇ ಹಳೆಯ ಜಾಡಿನಲ್ಲಿ ಓಡುತ್ತಿತ್ತು, ಏನು ಹೇಳೋಣ. ಅವನು ಹೇಳಲಿಲ್ಲ. ಎರಡು ದಿನ ಕಾದಳು, ಮೂರು ದಿನ ಕಾದಳು. ಅವನು ಹೇಳುವವನೇ ಅಲ್ಲ ಅಂತ ಗೊತ್ತಾದ ಮೇಲೆ ಅವಳಿಗೆ ಅನ್ನ ಇಳಿಯದಾಯಿತು. ಅವನು ಹೇಳಿಬಿಟ್ಟಿದ್ದರೆ ಎಷ್ಟೋ ಸುಲಭವಿತ್ತು. ಅಲ್ಲ ಅಂತ ವಾದಿಸಬಹುದಿತ್ತು, ಅಳಬಹುದಿತ್ತು, ತಾಯಿ ಅಂದಮೇಲೆ ಹೆದರಿಕೆ ಇರಲ್ವಾ ಅಂತ ಕೇಳಬಹುದಿತ್ತು.

ಆರನೆಯ ದಿನ ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದ. ಮುನಿ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ತಂಗಿಗೆ ಹಣ್ಣು ಹೆಚ್ಚುತ್ತಿದ್ದ. ತಟ್ಟೆ ಮುಂದಿಟ್ಟ. ಗುಬ್ಬಿ ತಟ್ಟೆಯನ್ನು ಬೆರಳ ತುದಿಯಿಂದ ದೂರ ತಳ್ಳಿದಳು.

"ಅಮ್ಮ, ಇವನಿಗೆ ಹೊರಗೆ ಕೂರೋಕೆ ಹೇಳು," ಅಂದಳು.

ಮುನಿ ಎದ್ದ. ಬಾಗಿಲವರೆಗೆ ಹೋದ.

"ನಿಂತ್ಕೋ," ಅಂದಳು ಜರಡಿಯಕ್ಕ. "ಗುಬ್ಬಿ, ಅವನು ಕೈಕೊಡಲಿಲ್ಲ. ಅವನು ಬರೋಕೆ ಹೊರಟಿದ್ದ. ನಾನು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿದ್ದೆ."

"ಅಮ್ಮ, ಬಿಡು ಈಗ," ಅಂದ ಮುನಿ.

ಗುಬ್ಬಿ ಅಣ್ಣನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಎಷ್ಟು ಹೊತ್ತು?"

"ಅವನು ಹೇಳೋಕೆ ಮುಂಚೆ ಇಪ್ಪತ್ತೈದು ನಿಮಿಷ. ಹೇಳಿದ ಮೇಲೆ ಹದಿನೆಂಟು."

"ನಾನು ಅಲ್ಲಿದ್ದೀನಿ ಅಂತ ಹೇಳಿದ ಮೇಲೂ ತೆಗೀಲಿಲ್ವಾ?"

"ಇಲ್ಲ. ನಂಬಲಿಲ್ಲ. ಪ್ರಶ್ನೆ ಕೇಳ್ತಾ ಕೂತಿದ್ದೆ."

ಹೊದಿಕೆಯ ಕೆಳಗೆ ಸರಳು ಹಾಕಿದ ಕಾಲು ಒಂದು ದಿಮ್ಮಿಯ ಹಾಗೆ ಬಿದ್ದಿತ್ತು. ಗುಬ್ಬಿ ಅದನ್ನೇ ನೋಡುತ್ತಿದ್ದಳು.

"ಯಾಕಮ್ಮ?" ಅಂದಳು ಕೊನೆಗೆ.

ಜರಡಿಯಕ್ಕ ಸುಳ್ಳು ಹುಡುಕಿದಳು. ಒಂದೂ ಸಿಗಲಿಲ್ಲ.

"ಅವನು ನಗ್ತಿರ್ಲಿಲ್ಲ," ಅಂದಳು. "ನೀನು ನಗ್ತಿದ್ದೆ. ಅಷ್ಟೇ ಕಣೇ."